ನೆತ್ತಿಯಲ್ಲಿ ನೀರುಳ್ಳ ಬೆಟ್ಟ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ರೈಲು ನಿಡವಂದ ನಿಲ್ದಾಣವನ್ನು ಸಮೀಪಿಸುತ್ತಿರುವಾಗ ಎಡಗಡೆಯ ಕಿಟಕಿಗಳಲ್ಲಿ ಕುಳಿತವರ ಮಾತು ಒಂದು ಕ್ಷಣ ನಿಲ್ಲುವುದುಂಟು. ಬಯಲಿನ ನಡುವೆ, ಯಾವ ಪೀಠಿಕೆಯೂ ಇಲ್ಲದೆ, ಬರಿಬಂಡೆಯ ಮಹಾಕಾಯವೊಂದು ಎದ್ದು ನಿಂತಿರುತ್ತದೆ. ಹಸುರು ಕೆಳಗಿನ ಸೊಂಟದವರೆಗೆ ಮಾತ್ರ. ಅದರ ಮೇಲೆ ಬಿಸಿಲಿಗೆ ಕಾದು, ಮಳೆಗೆ ತೊಳೆದು, ಬೂದುಬಣ್ಣಕ್ಕೆ ತಿರುಗಿದ ಕಲ್ಲು. ಅದೇ ಶಿವಗಂಗೆ. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯ ಮೇರೆಯಲ್ಲಿ, ದಾಬಸ್‌ಪೇಟೆಯಿಂದ ಎರಡು ಹರದಾರಿಯೊಳಗೆ, ಸಮುದ್ರಮಟ್ಟದಿಂದ ಸುಮಾರು ನಾಲ್ಕೂವರೆ ಸಾವಿರ ಅಡಿಗಳ ಎತ್ತರದಲ್ಲಿ ಅದರ ನೆತ್ತಿಯಿದೆ.

ಈ ಬೆಟ್ಟವು ನೋಡುವ ದಿಕ್ಕಿಗೊಂದು ರೂಪ ತಾಳುವುದೆಂದು ಸುತ್ತಲ ಜನರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಮೂಡಣದಿಂದ ನೋಡಿದವರಿಗೆ ಮಲಗಿದ ಬಸವ, ಪಡುವಣದಿಂದ ನೋಡಿದವರಿಗೆ ಗಣಪತಿ, ಬಡಗಣಕ್ಕೆ ಹೆಡೆಯೆತ್ತಿದ ಸರ್ಪ, ತೆಂಕಣಕ್ಕೆ ಲಿಂಗ. ಪುರಾಣಿಕರು ಇದಕ್ಕೆ ಕಕುದ್ಗಿರಿ ಎಂಬ ಹೆಸರನ್ನಿಟ್ಟುದೂ ಬಸವನ ಹಿಣಿಲನ್ನು ನೆನೆದೇ. ಮೆಟ್ಟಿಲುಗಳ ಲೆಕ್ಕವು ಇಲ್ಲಿಂದ ಕಾಶಿಗಿರುವ ಯೋಜನಗಳ ಲೆಕ್ಕಕ್ಕೆ ಸರಿಯೆಂದೂ, ಆದುದರಿಂದ ಒಮ್ಮೆ ಹತ್ತಿಳಿದವರಿಗೆ ಕಾಶೀಯಾತ್ರೆಯ ಫಲವೆಂದೂ ನಂಬಿಕೆ. ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಿದವರು ಈ ನಂಬಿಕೆಯನ್ನು ಅಷ್ಟಾಗಿ ಪ್ರಶ್ನಿಸುವುದಿಲ್ಲ.

ಎತ್ತರದ ಮಾತಿಗೆ ಬಂದರೆ, ಈ ಒಣನಾಡಿನ ಬೆಟ್ಟಗಳಲ್ಲಿ ಮೊದಲ ಸ್ಥಾನ ನಂದಿಗೆ. ಅದು 4,851 ಅಡಿ. ಸಾವನದುರ್ಗ 4,024 ಅಡಿ. ದೇವರಾಯನದುರ್ಗವು ನಾಲ್ಕು ಸಾವಿರವನ್ನು ಮುಟ್ಟಲು ಸ್ವಲ್ಪದರಲ್ಲಿ ತಪ್ಪಿದೆ. ನಂದಿಗೂ ಸಾವನದುರ್ಗಕ್ಕೂ ನಡುವೆ ನಿಲ್ಲುವುದು ಶಿವಗಂಗೆ. ಬಾಬಾಬುಡನ್ ಶ್ರೇಣಿಯ ಮುಳ್ಳಯ್ಯನಗಿರಿ 6,300 ಅಡಿಗಳನ್ನು ಮೀರಿರುವಾಗ ಇವೆಲ್ಲ ಯಾವ ಎತ್ತರವೆಂದು ಮಲೆನಾಡಿನವರು ನಗಬಹುದು. ಆದರೆ ಮಲೆನಾಡಿನ ಶಿಖರಕ್ಕೆ ಮೋಡವೇ ನೆಂಟ. ವರ್ಷದಲ್ಲಿ ನಾಲ್ಕು ತಿಂಗಳು ಅದು ನೀರಿನಲ್ಲೇ ಮುಳುಗಿರುತ್ತದೆ. ಈ ಬಯಲಿನ ಬೆಟ್ಟಗಳ ಸ್ಥಿತಿ ಬೇರೆ. ಇಲ್ಲಿ ವರ್ಷವಿಡೀ ಬೀಳುವ ಮಳೆ ಎಂಟುನೂರು ಮಿಲಿಮೀಟರುಗಳ ಆಸುಪಾಸು. ಅದರಲ್ಲಿಯೂ ಹೆಚ್ಚಿನದು ಭಾದ್ರಪದ, ಆಶ್ವಯುಜಗಳಲ್ಲಿ ಕೆಲವೇ ದಿನಗಳಲ್ಲಿ ಸುರಿದುಹೋಗುವುದು. ಬಿದ್ದ ಹನಿಯನ್ನು ಹಿಡಿದಿಡಲು ಬಂಡೆಯ ಮೇಲೆ ಮಣ್ಣಿಲ್ಲ. ಮಳೆ ನಿಂತ ಒಂದು ಗಳಿಗೆಗೆ ಕಲ್ಲು ಒಣಗಿ ಬೆಚ್ಚಗಾಗುತ್ತದೆ. ಹೀಗಾಗಿ, ಸುತ್ತಲಿನ ಸೀಮೆ ರಾಗಿ ಬೆಳೆಯುವ ಬಯಲಾಗಿದ್ದರೂ ಬೆಟ್ಟದ ನೆತ್ತಿ ಮಾತ್ರ ನಿಜಕ್ಕೂ ಒಂದು ಪುಟ್ಟ ಮರುಭೂಮಿ. ಅಲ್ಲಿ ಬದುಕುವ ಗಿಡಗಳೂ ಮರುಭೂಮಿಯ ನಡತೆಯವೇ: ಕಳ್ಳಿ, ಕಾರೆ, ಬಂದರೆ, ಬಿರುಕುಗಳಲ್ಲಿ ಬೇರೂರಿದ ಮಜ್ಜಿಗೆಹುಲ್ಲು.

ಮರುಭೂಮಿಯ ಪರ್ವತಗಳಿಗೆ ಜಗತ್ತಿನ ಎಲ್ಲೆಡೆಯೂ ಒಂದು ಸಮಾನಧರ್ಮವುಂಟು. ಅವು ತಾವು ಒಣಗಿದ್ದರೂ ನೀರಿನ ಗುಟ್ಟನ್ನು ಬಲ್ಲವು. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ, ಚಿವಾವಾ ಮರುಭೂಮಿಯ ಅಂಚಿನಲ್ಲಿ, ಗ್ವಾಡಲೂಪೆ ಎಂಬ ಪರ್ವತಶ್ರೇಣಿಯಿದೆ. ಅದರ ತುದಿ 8,751 ಅಡಿ. ಆ ಪ್ರಾಂತಕ್ಕೆಲ್ಲ ಅದೇ ಅತ್ಯುನ್ನತ. 1972ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವಾಗಿ ತೆರೆದರು. ಕೆಳಗೆ ಕಳ್ಳಿಗಳ ಕಾಡು, ಮೇಲೆ ದೇವದಾರು ಜಾತಿಯ ಮರಗಳು, ಬುಡದಲ್ಲಿ ಚಿಲುಮೆಗಳು. ಸಹಾರಾದ ನಡುವೆ, ಅಲ್ಜೀರಿಯ ದೇಶದಲ್ಲಿ, ಅಹಗ್ಗಾರ್ ಎಂಬ ಇನ್ನೊಂದು ಶ್ರೇಣಿ. ಅದರ ಶಿಖರವಾದ ತಾಹಾತ್ ಸುಮಾರು 2,900 ಮೀಟರು. ಅದೂ ಒಂದು ರಾಷ್ಟ್ರೀಯ ಉದ್ಯಾನವೇ. ಅಲ್ಲಿನ ಬಂಡೆಗಳ ಸಂದುಗಳಲ್ಲಿ ನಿಲ್ಲುವ ನೀರಿನ ಗುಂಡಿಗಳಿಗೆ ಆ ನಾಡಿನವರು ‘ಗ್ವೆಲ್ತಾ’ ಎನ್ನುತ್ತಾರೆ. ಒಂಟೆಯ ಸಾಲುಗಳ ದಾರಿ ಗೊತ್ತಾಗುವುದೇ ಅವುಗಳಿಂದ. ಚಾದ್ ದೇಶದ ಎನ್ನೆದಿ ಬೆಟ್ಟಗಳಲ್ಲಿ ಅಂಥದೊಂದು ಗುಂಡಿಯಲ್ಲಿ ಮೊಸಳೆಗಳು ಈ ಕಾಲದವರೆಗೂ ಉಳಿದುಬಂದಿವೆ. ಸಹಾರಾ ಹಸುರಾಗಿದ್ದ ಕಾಲದ ಮೊಸಳೆಗಳ ಸಂತತಿ ಅದು. ಸುತ್ತಲಿನ ನದಿಗಳೆಲ್ಲ ಮರಳಾದ ಮೇಲೂ ಬೆಟ್ಟದ ಒಂದು ಗುಂಡಿ ಅವನ್ನು ಕಾಪಾಡಿತು!

ಗ್ವೆಲ್ತಾ ಎಂಬ ಶಬ್ದವನ್ನು ಕೇಳಿ ಕನ್ನಡಿಗರು ಬೆರಗಾಗಬೇಕಾಗಿಲ್ಲ. ಅದೇ ವಸ್ತುವಿಗೆ ನಮ್ಮಲ್ಲಿ ‘ದೊಣೆ’ ಎಂಬ ಅಚ್ಚ ದೇಶ್ಯಪದವಿದೆ. ಬಂಡೆಯ ಮೇಲೆ ತಾನಾಗಿ ಆದ ನೀರಿನ ತಗ್ಗೇ ದೊಣೆ. ಒಣಸೀಮೆಯ ಯಾವ ದುರ್ಗವನ್ನು ನೋಡಿದರೂ ದೊಣೆಯಿಲ್ಲದ ದುರ್ಗವಿಲ್ಲ. ಏಕೆಂದರೆ ನೀರಿಲ್ಲದ ಬೆಟ್ಟದ ಮೇಲೆ ಕೋಟೆ ಕಟ್ಟಿ ಮಾಡುವುದೇನು? ಮುತ್ತಿಗೆಯ ಕಾಲದಲ್ಲಿ ಕೋಟೆಯನ್ನು ಉಳಿಸುತ್ತಿದ್ದುದು ಗೋಡೆಯಷ್ಟೇ ಅಲ್ಲ, ಗೋಡೆಯೊಳಗಿನ ನೀರೂ ಹೌದು. ಚಿತ್ರದುರ್ಗದ ಓಬವ್ವನ ಕಥೆಯನ್ನು ಮಕ್ಕಳೂ ಬಲ್ಲರು. ಕಾವಲಿನ ಗಂಡ ಊಟಕ್ಕೆ ಕುಳಿತಿದ್ದಾಗ ಆಕೆ ಹೊರಟುದು ಯುದ್ಧಕ್ಕಲ್ಲ, ನೀರಿಗೆ. ನೀರಿನ ದಾರಿಯಲ್ಲಿಯೇ ಕಿಂಡಿಯೊಳಗಿನಿಂದ ತೆವಳುತ್ತಿದ್ದ ಶತ್ರುಗಳು ಆಕೆಯ ಕಣ್ಣಿಗೆ ಬಿದ್ದರು.

ದೊಣೆ ಹುಟ್ಟುವ ಬಗೆ ಸೋಜಿಗದ್ದು. ಶಿವಗಂಗೆ, ಸಾವನದುರ್ಗ, ರಾಮನಗರದ ಬೆಟ್ಟಗಳೆಲ್ಲ ಒಂದೇ ಒಡಹುಟ್ಟಿನ ಕಲ್ಲುಗಳು. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯನ್ನೇ ಭೂವಿಜ್ಞಾನಿಗಳು ಈ ಶಿಲೆಗೆ ಇಟ್ಟು ‘ಕ್ಲೋಸ್‌ಪೇಟೆ ಗ್ರಾನೈಟು’ ಎನ್ನುತ್ತಾರೆ. ಉತ್ತರ ದಕ್ಷಿಣವಾಗಿ ಸುಮಾರು ನಾನೂರು ಕಿಲೋಮೀಟರು ಉದ್ದಕ್ಕೆ ಇದು ಕಿರಿದಾದ ಪಟ್ಟಿಯಂತೆ ಹಬ್ಬಿದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಗ್ವಾಡಲೂಪೆಯ ಸುಣ್ಣಕಲ್ಲು ಪ್ರಾಚೀನ ಸಮುದ್ರವೊಂದರ ದಿಬ್ಬವಾಗಿ ರೂಪುಗೊಂಡುದು ಸುಮಾರು 26 ಕೋಟಿ ವರ್ಷಗಳ ಹಿಂದೆ. ಶಿವಗಂಗೆಯ ಕಲ್ಲಿನ ಮುಂದೆ ಅದು ನಿನ್ನೆಯ ಕೂಸು. ನೆಲದ ಆಳದಲ್ಲಿ ಕರಗಿದ ಪಾಕವಾಗಿದ್ದು, ಅಲ್ಲಿಯೇ ಮೆಲ್ಲಗೆ ತಣಿದು ಗಟ್ಟಿಯಾದ ಈ ಶಿಲೆಯ ಮೇಲಿನ ಹೊದಿಕೆಯನ್ನು ಮಳೆಗಾಳಿಗಳು ಯುಗಯುಗಗಳಲ್ಲಿ ಸವೆಸಿದವು. ಮೇಲಿನ ಭಾರ ಇಳಿದಂತೆ ಬಂಡೆ ಉಬ್ಬಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿರಿಯಿತು. ಕಣಶಿಲೆ ಸ್ವತಃ ನೀರನ್ನು ಕುಡಿಯದು; ಆದರೆ ಆ ಬಿರುಕುಗಳು ಕುಡಿಯುತ್ತವೆ. ಬಿರುಕಿನಲ್ಲಿ ಇಳಿದ ನೀರಿಗೆ ಅಡಿಯಲ್ಲಿ ಬಿರಿಯದ ಕಲ್ಲು ತಡೆಯಾಗಿ, ಅದು ಪದರದ ಸಂದಿಯನ್ನೇ ಹಿಡಿದು ನಿಧಾನವಾಗಿ ಸರಿದು, ಎಲ್ಲೋ ಒಂದು ಗುಹೆಯ ಮೂಲೆಯಲ್ಲಿ ಒಸರಾಗಿ ಹೊರಬೀಳುವುದು. ಇನ್ನು ಬಯಲು ಬಂಡೆಯ ಮೇಲೆ ಒಂದು ಸಣ್ಣ ತಗ್ಗಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಕಲ್ಲಿನ ಮೆತ್ತನೆಯ ಕಣಗಳನ್ನು ಕೊಳೆಸುತ್ತದೆ. ಬೇಸಗೆಯಲ್ಲಿ ಒಣಗಿದಾಗ ಗಾಳಿ ಆ ಪುಡಿಯನ್ನು ಹಾರಿಸುತ್ತದೆ. ಮರುವರ್ಷ ತಗ್ಗು ಕೂದಲೆಳೆಯಷ್ಟು ಹಿರಿದಾಗುತ್ತದೆ. ಹೀಗೆ ಸಾವಿರಾರು ಮಳೆಗಾಲಗಳು ಸೇರಿ ಒಂದು ದೊಣೆಯನ್ನು ಕಡೆಯುತ್ತವೆ. ಯಾವ ಕಲ್ಲುಕುಟಿಗನಿಗೂ ಇಷ್ಟು ತಾಳ್ಮೆ ಇರಲಾರದು.

ಶಿವಗಂಗೆಯ ಹಿರಿಮೆಯೆಲ್ಲ ಈ ಒಸರು ದೊಣೆಗಳ ಸುತ್ತಲೇ ಹೆಣೆದುಕೊಂಡಿದೆ. ಬೆಟ್ಟದ ಮುಖ್ಯ ದೇವಾಲಯಗಳಾದ ಗಂಗಾಧರೇಶ್ವರನದೂ ಹೊನ್ನಾದೇವಿಯದೂ ಸ್ವಾಭಾವಿಕ ಗುಹೆಗಳನ್ನೇ ಹಿಗ್ಗಿಸಿ ಮಾಡಿದವು. ಗಂಗಾಧರೇಶ್ವರನ ಲಿಂಗಕ್ಕೆ ಉಜ್ಜಿದ ತುಪ್ಪವು ಬೆಣ್ಣೆಯಾಗುವುದೆಂಬ ನಂಬಿಕೆ ನಾಡಿಗೆಲ್ಲ ಪರಿಚಿತ. ಬಹುಮಂದಿ ಬೆಟ್ಟಕ್ಕೆ ಬರುವುದೂ ಅದನ್ನು ಕಣ್ಣಾರೆ ಕಾಣಲೆಂದೇ. ಮಾಗಡಿಯ ಕೆಂಪೇಗೌಡರ ಮನೆತನಕ್ಕೆ ಇದು ಪ್ರಿಯವಾದ ಕ್ಷೇತ್ರ. ಹಿರಿಯ ಕೆಂಪೇಗೌಡರ ಲೋಹದ ಮೂರ್ತಿ ಈ ದೇವಾಲಯದಲ್ಲಿದೆ. ಆದರೆ ತಪ್ಪಲಿನ ಅಗಸ್ತ್ಯತೀರ್ಥದಿಂದ ಹಿಡಿದು ಮೇಲೆ ಹೋದಂತೆಲ್ಲ ಯಾತ್ರಿಕನನ್ನು ಎದುರುಗೊಳ್ಳುವುದು ನೀರಿನ ಹೆಸರುಗಳೇ. ಪಾತಾಳಗಂಗೆಯೆಂಬುದು ಬಂಡೆಯ ಒಡಲಿನ ಕತ್ತಲೆಯಲ್ಲಿರುವ ಚಿಲುಮೆ. ಒಳಕಲ್ಲು ತೀರ್ಥದಲ್ಲಿ, ಹೆಸರೇ ಹೇಳುವಂತೆ, ಮನೆಯ ಒರಳಿನ ಗಾತ್ರದ ಒಂದು ಕುಳಿ. ಅದರೊಳಕ್ಕೆ ಭುಜದವರೆಗೆ ಕೈಯಿಳಿಸಿ ನೀರನ್ನು ಮುಟ್ಟಬೇಕು. ಪುಣ್ಯವಂತರಿಗೆ ಮಾತ್ರ ನೀರು ಸಿಕ್ಕುವುದೆಂದು ಪ್ರತೀತಿ. ಕೈ ಉದ್ದವಾಗಿದ್ದವರ ಪುಣ್ಯ ಸ್ವಲ್ಪ ಹೆಚ್ಚೆಂದು ಹಾಸ್ಯಗಾರರು ಸೇರಿಸುತ್ತಾರೆ. ಅಲ್ಲಿ ಸಾಲುಗಟ್ಟಿ ನಿಂತವರ ಮುಖಗಳನ್ನು ನೋಡಬೇಕು: ಬೆರಳ ತುದಿಗೆ ತಂಪು ತಾಗಿದೊಡನೆ ಮುದುಕಿಯರೂ ಮಕ್ಕಳಂತೆ ಕೂಗಿಕೊಳ್ಳುತ್ತಾರೆ.

ಅಲ್ಲಿಂದ ಮೇಲೆ ದಾರಿ ಕಡಿದಾಗುತ್ತದೆ. ಕಲ್ಲಿನಲ್ಲೇ ಕೊರೆದ ಪಾವಟಿಗೆಗಳು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ, ಪಕ್ಕದಲ್ಲಿ ಕೋತಿಗಳ ಕಾಟ. ಕೋಡುಗಲ್ಲಿನ ತುದಿಯಲ್ಲಿ ಬಂಡೆಯನ್ನೇ ಕಡೆದು ಮಾಡಿದ ಬಸವಣ್ಣ ಆಕಾಶಕ್ಕೆ ಅಂಟಿಕೊಂಡಂತೆ ಕುಳಿತಿದ್ದಾನೆ. ನೆತ್ತಿಯ ಮೇಲಿನ ಕಂಬಗಳಲ್ಲಿ ಒಂದು ತೀರ್ಥದ ಕಂಬ. ಮಕರಸಂಕ್ರಾಂತಿಯ ಕಾಲದಲ್ಲಿ ಅದರ ಬಳಿ ಬರಿಗಲ್ಲಿನಿಂದ ನೀರು ಒಸರುವುದೆಂದೂ, ಆ ನೀರನ್ನು ಕೆಳಗೆ ತಂದು ಗಂಗಾಧರೇಶ್ವರನ ಕಲ್ಯಾಣೋತ್ಸವದಲ್ಲಿ ಧಾರೆಗೆ ಬಳಸಬೇಕೆಂದೂ ಸಂಪ್ರದಾಯ. ಹಿಂಗಾರಿನ ಮಳೆ ಬಿರುಕುಗಳಲ್ಲಿ ಇಳಿದು ಉಳಿದುದೇ ಪುಷ್ಯಮಾಸದಲ್ಲಿ ಹೀಗೆ ಹೊರಬರುವುದೆಂದು ಯಾರಾದರೂ ಊಹಿಸಿದರೆ ಭಕ್ತಿಗೆ ಕುಂದಿಲ್ಲ. ಬಾವಿಗಳು ಇಳಿಯಲು ತೊಡಗುವ ಕಾಲದಲ್ಲಿ, ಸೀಮೆಯ ಅತ್ಯಂತ ಒಣಗಿದ ಜಾಗದಲ್ಲಿ, ಒಂದು ಬೊಗಸೆ ನೀರಿಗಾಗಿ ಊರಿಗೆ ಊರೇ ಕಾಯುವುದು ಹೇಗೆ ನೋಡಿದರೂ ದೊಡ್ಡ ಸಂಗತಿಯೇ.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಹೆಸರೂ ಈ ಬೆಟ್ಟದೊಡನೆ ಬೆರೆತಿದೆ. ಇಂದಿಗೂ ಒಂದು ಕಡಿದಾದ ಅಂಚನ್ನು ತೋರಿಸಿ, ಆಕೆ ಪ್ರಾಣ ನೀಗಿದುದು ಇಲ್ಲಿಂದ ಧುಮುಕಿಯೇ ಎಂದು ಹೇಳುವರು. ಶ್ರವಣಬೆಳಗೊಳದಲ್ಲಿ ಆಕೆಯೇ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನ ಮಾತ್ರ ಅಷ್ಟು ಹೇಳುವುದಿಲ್ಲ. ರಾಣಿಯು 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದಷ್ಟೇ ಅದರ ಮಾತು. ಧುಮುಕಿದ ಕಥೆ ಜನಮನಕ್ಕೆ ಹಿಡಿಸಿದೆ, ಕಾದಂಬರಿಗಳಿಗೂ ಒದಗಿದೆ. ಅದನ್ನು ಅಳಿಸುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಇಲ್ಲಿ ಗಮನಿಸಬೇಕಾದುದು ಇನ್ನೊಂದು: ಸುಮಾರು ಒಂಬೈನೂರು ವರ್ಷಗಳ ಹಿಂದೆ ಬೆಳಗೊಳದ ಕಲ್ಲುಕುಟಿಗನು ಈ ಸ್ಥಳವನ್ನು ಗಿರಿಯೆಂದಾಗಲಿ ದುರ್ಗವೆಂದಾಗಲಿ ಕೊರೆಯಲಿಲ್ಲ, ತೀರ್ಥವೆಂದು ಕೊರೆದ.

ಬೆಟ್ಟದ ನೀರು ಧಾರೆಗೆ ಮಾತ್ರ ಒದಗಿದುದಲ್ಲ. ಒಂದು ಎಕರೆ ಬರಿಬಂಡೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೆ ಸ್ವಲ್ಪ ಮೇಲಾಗುತ್ತದೆ. ಬಂಡೆ ಕುಡಿಯುವುದಿಲ್ಲವಾದುದರಿಂದ ಅದರಲ್ಲಿ ಬಹುಪಾಲು ಕೆಳಗಿಳಿಯಲೇಬೇಕು. ಬುಡದ ಸಡಿಲ ಮಣ್ಣೂ ಮರಳೂ ಅದನ್ನು ಹೀರಿ, ತಿಂಗಳುಗಟ್ಟಲೆ ಮೆಲ್ಲಗೆ ಹಳ್ಳಕ್ಕೆ ಬಿಟ್ಟುಕೊಡುತ್ತಿದ್ದವು. ಎಕರೆಗಟ್ಟಲೆ ಬಂಡೆಯುಳ್ಳ ಶಿವಗಂಗೆ ಹೀಗೆ ಒಂದು ನದಿಯನ್ನೇ ಹೆತ್ತಿತು. ಅದರ ಹೆಸರು ಕುಮುದ್ವತಿ. ನೆಲಮಂಗಲ, ಮಾಗಡಿ ಸೀಮೆಗಳ ಹಳ್ಳಿಗಳ ಕೆರೆಗಳನ್ನು ಮುಟ್ಟಿಕೊಂಡು ಹರಿದು, ತಿಪ್ಪಗೊಂಡನಹಳ್ಳಿಯ ಬಳಿ ಅದು ಅರ್ಕಾವತಿಯನ್ನು ಕೂಡುವುದು. ಅರ್ಕಾವತಿಯ ಉಗಮ ನಂದಿಬೆಟ್ಟದಲ್ಲಿ. ಎಂದರೆ, ಬಯಲುಸೀಮೆಯ ಎರಡು ಉನ್ನತ ಶಿಖರಗಳ ನೀರು ಒಂದೆಡೆ ಕಲೆಯುವ ತಾಣ ಅದು. 1933ರಲ್ಲಿ ಮೈಸೂರು ಸರ್ಕಾರವು ಅಲ್ಲಿಯೇ ಅಣೆಕಟ್ಟನ್ನು ಕಟ್ಟಿ ಮುಗಿಸಿ, ಚಾಮರಾಜಸಾಗರವೆಂದು ಹೆಸರಿಟ್ಟಿತು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ಬೆಂಗಳೂರಿನ ನಲ್ಲಿಗಳಿಗೆ ಮುಖ್ಯ ಆಸರೆ ಈ ಸಾಗರವೇ. ಆ ನಾಲ್ಕು ದಶಕಗಳಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು ತಾವು ಅರಿಯದೆಯೇ ಶಿವಗಂಗೆಯ ಬಂಡೆ ತೊಳೆದ ನೀರನ್ನು ಕುಡಿದರು. ಒಳಕಲ್ಲು ತೀರ್ಥಕ್ಕೆ ಕೈಹಾಕದೆಯೇ ಅವರಿಗೆ ಅದು ದಕ್ಕಿತು.

ಇಂದು ಕುಮುದ್ವತಿಯ ಪಾತ್ರವನ್ನು ಹುಡುಕಿ ಹೊರಟವರು ಅನೇಕ ಕಡೆ ಅದನ್ನು ದಾಟಿದುದೇ ತಿಳಿಯದೆ ಆಚೆಗೆ ಹೋಗುತ್ತಾರೆ. ಜೋರು ಮಳೆಯ ನಾಲ್ಕು ದಿನ ಬಿಟ್ಟರೆ ಅದು ಪೊದೆ ಬೆಳೆದ ಒಂದು ಒಣಹಳ್ಳ. ಸಾಗರಕ್ಕೆ ಬರುವ ನೀರು ದಶಕದಿಂದ ದಶಕಕ್ಕೆ ಇಳಿದು, ಬಂದುದೂ ಮಲಿನವಾಗಿ, ಈ ಶತಮಾನದ ಎರಡನೆಯ ದಶಕದಲ್ಲಿ ಅಲ್ಲಿಂದ ನಗರಕ್ಕೆ ನೀರು ಪೂರೈಸುವುದೇ ನಿಂತುಹೋಯಿತು. ಮಳೆ ಕಡಿಮೆಯಾಯಿತೆಂದು ಸುಲಭವಾಗಿ ಹೇಳಿಬಿಡುವುದು ರೂಢಿ. ಅರ್ಕಾವತಿಯ ಜಲಾನಯನವನ್ನು ಪರಿಶೀಲಿಸಿದ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಮಾತನ್ನು ಒಪ್ಪಲಿಲ್ಲ. ಮಳೆ ಹೆಚ್ಚುಕಡಮೆ ಹಿಂದಿನಂತೆಯೇ ಇದೆ. ಕೊಳವೆಬಾವಿಗಳು ಅಂತರ್ಜಲವನ್ನು ಹಳ್ಳದ ಮಟ್ಟಕ್ಕಿಂತ ಬಹಳ ಕೆಳಗೆ ಇಳಿಸಿರುವುದೂ, ರಾಗಿ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದಿರುವುದೂ ಹೆಚ್ಚಿನ ಕಾರಣಗಳೆಂದು ಅವರು ಕಂಡರು. ಬೆಟ್ಟ ಇಂದಿಗೂ ತನ್ನ ಎಕರೆಗೊಂದು ಲಕ್ಷದ ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತಿದೆ. ಪಡೆದುಕೊಳ್ಳುವ ನೆಲ ಮಾತ್ರ ಬದಲಾಗಿದೆ: ಮೇಲಿನಿಂದ ಇಳಿದುದು ಪಾತಾಳಕ್ಕಿಳಿದ ಅಂತರ್ಜಲವನ್ನು ತುಂಬಲೂ ಸಾಲದು, ಹಳ್ಳಕ್ಕೆ ಒಸರುವುದೆಲ್ಲಿಂದ?

ಸೋಂಪುರ ಹೋಬಳಿಯ ನೆಲದ ಮೇಲೆ ಬಂದ ಬದಲಾವಣೆಯೂ ಸಾಮಾನ್ಯವಲ್ಲ. ಹೆದ್ದಾರಿಯ ಅನುಕೂಲವನ್ನು ನೋಡಿ ದಾಬಸ್‌ಪೇಟೆಯ ಸುತ್ತ ಸೋಂಪುರ ಕೈಗಾರಿಕಾ ಪ್ರದೇಶ ಎದ್ದಿದೆ. ಅದರಿಂದ ಎಷ್ಟೋ ಮನೆಗಳಿಗೆ ಅನ್ನ ದೊರೆತಿದೆ. ಮಗ ಬೆಂಗಳೂರಿಗೆ ಗುಳೆ ಹೋಗದೆ ಊರಿನಲ್ಲೇ ಸಂಬಳ ತರುವುದನ್ನು ಯಾವ ತಾಯಿ ಬೇಡವೆಂದಾಳು? ನೀಲಗಿರಿ ನೆಟ್ಟ ರೈತನನ್ನೂ ದೂರುವಂತಿಲ್ಲ. ಕೂಲಿಯಾಳು ಸಿಕ್ಕದ, ಮಳೆ ನಂಬಲಾಗದ ಕಾಲದಲ್ಲಿ ನೆಟ್ಟು ಮರೆತರೂ ಹಣ ಕೊಡುವ ಮರ ಅದೊಂದೇ ಆಗಿತ್ತು. ನೆಡಿರೆಂದು ಹುರಿದುಂಬಿಸಿದವರಲ್ಲಿ ಸರ್ಕಾರವೂ ಸೇರಿತ್ತು. 2003ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನವನ್ನು ಕಾಪಾಡಲು ಸರ್ಕಾರ ಆಜ್ಞೆ ಹೊರಡಿಸಿ, ನದಿಯ ಎರಡೂ ಬದಿಗಳಲ್ಲಿ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂಬ ಎಲ್ಲೆಗಳನ್ನು ಗೊತ್ತುಪಡಿಸಿತು. ಮುಂದೆ 2019ರಲ್ಲಿ ಆ ಎಲ್ಲೆಗಳನ್ನು ಸಡಿಲಿಸಲಾಯಿತು. 2017ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡುವುದಕ್ಕೆ ನಿಷೇಧ ಬಂದಿತು. ಆದರೆ ನೀಲಗಿರಿಯು ಕಡಿದ ಬುಡದಿಂದಲೇ ಮತ್ತೆ ಚಿಗುರುವ ಜಾತಿ. ಬೇರು ಕೀಳುವ ವೆಚ್ಚವನ್ನು ಯಾರು ಹೊರಬೇಕೆಂಬುದು ಹೊಲದ ಯಜಮಾನನ ಪ್ರಶ್ನೆ.

ಬೆಟ್ಟಕ್ಕೆ ಬೇರೆ ವಾಸಿಗಳೂ ಉಂಟು. ಚಿರತೆಗೆ ಈ ಬಂಡೆಗಳ ಪೊಟರೆಗಳೇ ಮನೆ. ತಪ್ಪಲಿನ ಹಳ್ಳಿಗಳವರು ಕತ್ತಲಾದ ಮೇಲೆ ಕರುವನ್ನು ಹೊರಗೆ ಕಟ್ಟುವುದಿಲ್ಲ. ನಂದಿ, ಸಾವನದುರ್ಗಗಳ ಕಲ್ಲುಪೊದೆಗಳಲ್ಲಿ ಹಳದಿಕೊರಳಿನ ಪಿಕಳಾರವೆಂಬ ಅಪೂರ್ವ ಹಕ್ಕಿಯಿದೆ. ದಕ್ಷಿಣ ಭಾರತದ ಬಂಡೆಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಅದು ಕಾಣಸಿಗದು. ಇದೇ ಕಲ್ಲಿನ ಸಾಲಿನಲ್ಲಿ, ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ತೆಂಕಣ ತುದಿಯ ಬನ್ನೇರುಘಟ್ಟವು 1974ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಹೊರಟ ಆನೆಗಳು ಬೆಟ್ಟದ ಮರೆ ಹಿಡಿದು ಮಾಗಡಿಯವರೆಗೂ ಬಂದುದುಂಟು. ಮೃಗಗಳು ಈ ಬೆಟ್ಟಗಳನ್ನು ಒಂದೇ ಶ್ರೇಣಿಯೆಂದು ಬಲ್ಲವು. ಕಾಗದದ ಮೇಲೆ ಮಾತ್ರ ಅದು ಜಿಲ್ಲೆ ಜಿಲ್ಲೆಗಳಲ್ಲಿ ಹಂಚಿಹೋಗಿದೆ.

2013ರಿಂದ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಸ್ವಯಂಸೇವಕರು ಕುಮುದ್ವತಿಯ ಜಲಾನಯನದಲ್ಲಿ ಹಳ್ಳಿಯವರನ್ನು ಕೂಡಿಕೊಂಡು ಕೆಲಸಕ್ಕೆ ತೊಡಗಿದರು. ಕೆಲಸ ನೋಡುವುದಕ್ಕೆ ಸಣ್ಣದು: ಬೆಟ್ಟದಿಂದಿಳಿಯುವ ಕೊರಕಲುಗಳಲ್ಲಿ ಗುಂಡುಕಲ್ಲುಗಳನ್ನು ಅಡ್ಡಸಾಲಾಗಿ ಜೋಡಿಸುವುದು, ಹಳ್ಳದ ಮಗ್ಗುಲಲ್ಲಿ ಇಂಗುಬಾವಿಗಳನ್ನು ತೋಡುವುದು, ಹೂತುಹೋದ ಕಲ್ಯಾಣಿಗಳ ಹೂಳೆತ್ತುವುದು. ಕಲ್ಲುಸಾಲು ನೀರನ್ನು ನಿಲ್ಲಿಸುವುದಿಲ್ಲ, ಅದರ ಓಟವನ್ನಷ್ಟೇ ತಗ್ಗಿಸುತ್ತದೆ; ಓಟ ತಗ್ಗಿದ ನೀರು ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಇಳಿಸಿ, ತಾನೂ ಸ್ವಲ್ಪ ಹೊತ್ತು ತಂಗಿ, ನೆಲಕ್ಕಿಳಿಯುತ್ತದೆ. ಎರಡು ಮೂರು ಮಳೆಗಾಲಗಳಲ್ಲಿ ಆ ಮಣ್ಣಿನಲ್ಲಿ ಹುಲ್ಲು ಹುಟ್ಟುವುದು. ದೊಡ್ಡ ಮಳೆ ಬಂದಾಗ ಸಾಲಿನ ಕೆಲವು ಕಲ್ಲುಗಳು ಉರುಳಿಹೋಗುವುದೂ ಉಂಟು. ಆಗ ಊರವರು ಹೋಗಿ ಅವನ್ನು ಎತ್ತಿ ಮತ್ತೆ ಜೋಡಿಸಬೇಕು.